ಅರ್ಧಕ್ಕೆ ನಿಂತ ತಂತ್ರಾಂಶ

ಹೊಸ ಮನೆಗೆ ಒಕ್ಕಲು ಹೋದವರು ಒಂದೆರಡು ತಿಂಗಳು ಅದರ ಗೋಡೆಗೆ ಮೊಳೆ ಹೊಡೆಯಲೂ ಹಿಂಜರಿಯುತ್ತಾರೆ. ಹೊಸ ಗಣಕಯಂತ್ರವನ್ನು ಮನೆಗೆ ತಂದವರಿಗೆ ಈ ಸಂಕೋಚವಿರುವುದಿಲ್ಲ. ಹಳೆಯ ಯಂತ್ರದಲ್ಲಿದ್ದುದೆಲ್ಲವೂ ಇದರಲ್ಲಿಯೂ ಇರಬೇಕೆಂಬ ಆತುರದಿಂದ, ಪೆಟ್ಟಿಗೆಯಿಂದ ಹೊರತೆಗೆದ ದಿನವೇ ಒಂದರ ಮೇಲೊಂದು ತಂತ್ರಾಂಶವನ್ನು ಅದರೊಳಕ್ಕೆ ತುಂಬತೊಡಗುತ್ತಾರೆ. ನಾನೂ ಹಾಗೆಯೇ ಮಾಡಿದೆ. ನಾನು ಹಾಕುತ್ತಿದ್ದುದು ಬಹಳ ವರ್ಷ ಹಳೆಯದಾದ ಒಂದು ಕನ್ನಡ ಲಿಪಿ ತಂತ್ರಾಂಶ. ತೀರಿಹೋದ ನಮ್ಮ ತಂದೆಯವರು ತಮ್ಮ ಬಾಲ್ಯದ ನೆನಪುಗಳನ್ನು ಅದರಲ್ಲಿಯೇ ಬೆರಳಚ್ಚು ಮಾಡಿದ್ದರು. ಅದಿಲ್ಲದೆ ಆ ಬರಹವನ್ನು ಹೊಸ ಯಂತ್ರದಲ್ಲಿ ಓದಲು ಬರುತ್ತಿರಲಿಲ್ಲ. ಪರದೆಯ ಮೇಲೆ ಕೆಲಸದ ಪ್ರಗತಿಯನ್ನು ತೋರುವ ಪಟ್ಟಿ ಮುಕ್ಕಾಲು ಪಾಲು ತುಂಬಿತ್ತು. ಆಗ ನಮ್ಮ ಬೀದಿಯ ವಿದ್ಯುತ್ತು ಹೋಯಿತು.

ವಿದ್ಯುತ್ತು ಬಂದ ಮೇಲೆ ಯಂತ್ರವೇನೋ ಎಂದಿನಂತೆಯೇ ಎಚ್ಚೆತ್ತಿತು. ಹೊಸ ತಂತ್ರಾಂಶದ ಪುಟ್ಟ ಚಿತ್ರವೂ ಪರದೆಯ ಮೇಲೆ ಬಂದಿತ್ತು. ಅದನ್ನು ಒತ್ತಿದರೆ, ಬೇಕಾದ ಕಡತವೊಂದು ಇಲ್ಲವೆಂಬ ಉತ್ತರ. ಹಾಗಾದರೆ ತೆಗೆದೇಬಿಡೋಣವೆಂದು ಹೊರಟರೆ, ತೆಗೆಯುವುದಕ್ಕೆ ಬೇಕಾದ ಕಡತವೇ ಸಿಕ್ಕುತ್ತಿಲ್ಲವೆಂಬ ಉತ್ತರ. ಇರಲಿ, ಮೊದಲಿನಿಂದ ಹಾಕೋಣವೆಂದು ಕುಳಿತರೆ, ಅದು ಈಗಾಗಲೇ ಇದೆ, ಮೊದಲು ಅದನ್ನು ತೆಗೆಯಿರಿ ಎಂಬ ಉತ್ತರ. ತೆಗೆಯಹೋದವನಿಗೆ ಇಲ್ಲವೆನ್ನುತ್ತದೆ; ಹಾಕಹೋದವನಿಗೆ ಇದೆಯೆನ್ನುತ್ತದೆ. ಇದೆಯೆನ್ನಲೂ ಬಾರದ, ಇಲ್ಲವೆನ್ನಲೂ ಬಾರದ ಇಂಥದನ್ನು ಅದ್ವೈತಿಗಳು ಸದಸದ್ವಿಲಕ್ಷಣವೆಂದು ಕರೆಯುತ್ತಾರೆ. ಅವರಿಗೆ ಅದು ಮಾಯೆಯ ಲಕ್ಷಣ. ನನ್ನ ಪಾಲಿಗೆ ಅದು ಪ್ರತಿದಿನ ಬೆಳಿಗ್ಗೆ ಯಂತ್ರವನ್ನು ಹಚ್ಚಿದೊಡನೆ ಪರದೆಯ ನಡುವೆ ಬಂದು ನಿಲ್ಲುವ ಒಂದು ಎಚ್ಚರಿಕೆಯ ಚೌಕವಾಗಿತ್ತು.

ಇಂಥ ಅವಸ್ಥೆ ಅಪರೂಪದ್ದೇನೂ ಅಲ್ಲ. ವಿದ್ಯುತ್ತು ಹೋಗಬಹುದು, ಅಂತರಜಾಲದ ಸಂಪರ್ಕ ನಡುವೆ ಕಡಿಯಬಹುದು, ಡಿಸ್ಕಿನಲ್ಲಿ ಜಾಗ ಸಾಲದೆ ಹೋಗಬಹುದು, ಕೆಲಸ ಬಹಳ ಹೊತ್ತು ಹಿಡಿಯಿತೆಂದು ಬೇಸತ್ತು ನಾವೇ ಅದನ್ನು ನಿಲ್ಲಿಸಿಬಿಡಬಹುದು. ಕಾರಣ ಯಾವುದೇ ಆಗಲಿ, ಫಲ ಒಂದೇ: ಅರ್ಧ ಬಂದು ನಿಂತ ತಂತ್ರಾಂಶ. ಪೂರ್ತಿ ಬಂದದ್ದನ್ನು ತೆಗೆಯುವುದಕ್ಕಿಂತ ಇದನ್ನು ತೆಗೆಯುವುದು ಏಕೆ ಕಷ್ಟ, ತೆಗೆಯುವ ಸರಿಯಾದ ಕ್ರಮ ಯಾವುದು, ಅವಸರಪಟ್ಟರೆ ಏನನ್ನು ಕಳೆದುಕೊಳ್ಳಬೇಕಾದೀತು ಎಂಬ ಮೂರು ವಿಷಯಗಳನ್ನು ಈ ಹದಿನೈದು ನಿಮಿಷಗಳಲ್ಲಿ ಹೇಳಲು ಯತ್ನಿಸುತ್ತೇನೆ. ನನ್ನ ಯಂತ್ರದಲ್ಲಿದ್ದುದು ವಿಂಡೋಸ್ ವ್ಯವಸ್ಥೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದೂ ಅದೇ ಆದುದರಿಂದ, ಮುಖ್ಯವಾಗಿ ಅದನ್ನೇ ಇಟ್ಟುಕೊಂಡು ಮಾತನಾಡುತ್ತೇನೆ.

ತಂತ್ರಾಂಶವನ್ನು ಯಂತ್ರಕ್ಕೆ ಹಾಕುವುದೆಂದರೆ ಪುಸ್ತಕವೊಂದನ್ನು ಕಪಾಟಿನಲ್ಲಿ ಇಟ್ಟಂತೆ ಎಂದು ನಮ್ಮಲ್ಲಿ ಬಹುಮಂದಿ ಭಾವಿಸಿದ್ದೇವೆ. ಬೇಡವಾದಾಗ ಕಪಾಟಿನಿಂದ ತೆಗೆದರಾಯಿತು ಎಂಬುದು ಆ ಭಾವನೆಯ ಮುಂದಿನ ಹೆಜ್ಜೆ. ಒಂದು ಕಾಲಕ್ಕೆ ಇದು ಬಹುಮಟ್ಟಿಗೆ ನಿಜವೂ ಆಗಿತ್ತು. ಡಾಸ್ ವ್ಯವಸ್ಥೆಯ ಕಾಲದಲ್ಲಿ ಒಂದು ತಂತ್ರಾಂಶಕ್ಕೆ ಸೇರಿದ ಕಡತಗಳು ಸಾಮಾನ್ಯವಾಗಿ ಒಂದೇ ಕೋಶದಲ್ಲಿರುತ್ತಿದ್ದವು. ಆ ಕೋಶವನ್ನು ಅಳಿಸಿದರೆ ತಂತ್ರಾಂಶವೂ ಹೋದಂತೆಯೇ. ಈಗಿನ ತಂತ್ರಾಂಶ ಹಾಗೆ ಒಂದೆಡೆ ಕೂಡುವಂಥದಲ್ಲ. ಅದರ ಮುಖ್ಯ ಭಾಗ ‘ಪ್ರೋಗ್ರಾಂ ಫೈಲ್ಸ್’ ಎಂಬ ಕೋಶಕ್ಕೆ ಹೋಗುತ್ತದೆ; ಎಲ್ಲ ಬಳಕೆದಾರರಿಗೂ ಸಮಾನವಾದ ಸಾಮಗ್ರಿ ‘ಪ್ರೋಗ್ರಾಂ ಡೇಟಾ’ ಎಂಬ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಕೋಶಕ್ಕೆ; ಒಬ್ಬೊಬ್ಬ ಬಳಕೆದಾರನ ಇಷ್ಟಾನಿಷ್ಟಗಳ ವಿವರ ‘ಆ್ಯಪ್ ಡೇಟಾ’ ಎಂಬ ಇನ್ನೊಂದು ಮರೆಯ ಕೋಶಕ್ಕೆ. ಅಕ್ಷರವಿನ್ಯಾಸಗಳು, ಅಂದರೆ ಫಾಂಟುಗಳು, ಅವುಗಳಿಗೆಂದೇ ಇರುವ ಪ್ರತ್ಯೇಕ ಕೋಶಕ್ಕೆ. ಯಂತ್ರ ಎಚ್ಚೆತ್ತೊಡನೆ ತನ್ನನ್ನೂ ಎಬ್ಬಿಸಬೇಕೆಂಬ ಸೂಚನೆಯೊಂದು ಬೇರೊಂದು ಪಟ್ಟಿಗೆ. ಇವೆಲ್ಲದರ ಜೊತೆಗೆ, ಇಂಥ ತಂತ್ರಾಂಶ ಇಂಥಲ್ಲಿ ನೆಲೆಸಿದೆ, ಅದನ್ನು ಬಿಡಿಸಬೇಕಾದರೆ ಇಂಥ ಕಡತವನ್ನು ಕರೆಯಬೇಕು ಎಂಬ ದಾಖಲೆ ‘ರಿಜಿಸ್ಟ್ರಿ’ ಎಂಬ ಮಹಾಕಡತದಲ್ಲಿ.

ಈ ರಿಜಿಸ್ಟ್ರಿ 1992ರ ವಿಂಡೋಸ್ 3.1ರಲ್ಲಿ ಸಣ್ಣ ಪ್ರಮಾಣದಲ್ಲಿ ಕಾಣಿಸಿಕೊಂಡು, 1995ರ ವಿಂಡೋಸ್ 95ರಲ್ಲಿ ಇಡೀ ವ್ಯವಸ್ಥೆಯ ನಡುಗಂಬವಾಯಿತು. ಹಳ್ಳಿಯ ಜಮೀನಿನ ವ್ಯವಹಾರ ಬಲ್ಲವರಿಗೆ ಇದರ ಸ್ವರೂಪ ಬೇಗ ಮನಸ್ಸಿಗೆ ಬರುತ್ತದೆ. ಹೊಲ ಇರುವುದು ನೆಲದ ಮೇಲೆ. ಆದರೆ ಅದು ಯಾರದು, ಎಲ್ಲಿಂದ ಎಲ್ಲಿಯವರೆಗೆ, ಅದರ ಮೇಲೆ ಯಾರ ಹಕ್ಕು ಏನು ಎಂಬುದು ಇರುವುದು ಖಾತೆಯಲ್ಲಿ, ಪಹಣಿಯಲ್ಲಿ. ಹಣ ಕೊಟ್ಟು ಬೇಲಿ ಹಾಕಿಕೊಂಡ ಮೇಲೆ, ಖಾತೆ ಬದಲಾಗುವುದಕ್ಕೆ ಮುನ್ನ ವ್ಯವಹಾರ ನಿಂತುಹೋದರೆ ಆ ಹೊಲದ ಗತಿ ಏನಾಗುತ್ತದೆಂಬುದನ್ನು ನಮ್ಮ ನ್ಯಾಯಾಲಯಗಳ ಜಗಲಿಯಲ್ಲಿ ಕುಳಿತವರನ್ನು ಕೇಳಬೇಕು. ನೆಲದ ಮೇಲಿನ ಸಂಗತಿಗೂ ಕಾಗದದ ಮೇಲಿನ ಸಂಗತಿಗೂ ಹೊಂದಿಕೆ ತಪ್ಪಿದಾಗ ಜಗಳ ಹುಟ್ಟುತ್ತದೆ. ಅರ್ಧಕ್ಕೆ ನಿಂತ ತಂತ್ರಾಂಶದ ಜಗಳವೂ ಇದೇ. ನನ್ನ ಯಂತ್ರದಲ್ಲಿ ರಿಜಿಸ್ಟ್ರಿಗೆ ಹೆಸರು ಏರಿತ್ತು. ಆದುದರಿಂದ ಹಾಕಹೋದಾಗ ‘ಇದೆ’ ಎಂಬ ಉತ್ತರ. ಬಿಡಿಸುವ ಕಡತ ಡಿಸ್ಕಿಗೆ ಇಳಿದಿರಲಿಲ್ಲ. ಆದುದರಿಂದ ತೆಗೆಯಹೋದಾಗ ‘ಇಲ್ಲ’ ಎಂಬ ಉತ್ತರ. ಎರಡೂ ಸತ್ಯವೇ, ಕೇಳುವ ಪುಸ್ತಕ ಬೇರೆ ಬೇರೆ, ಅಷ್ಟೆ.

ಈಗ ಕಷ್ಟದ ಮೂಲ ಸ್ಪಷ್ಟವಾಯಿತು. ತಂತ್ರಾಂಶವೊಂದು ತನ್ನನ್ನು ತಾನು ತೆಗೆದುಹಾಕಿಕೊಳ್ಳಬೇಕಾದರೆ, ತಾನು ಎಲ್ಲೆಲ್ಲಿ ಏನೇನು ಇಟ್ಟೆನೆಂಬ ಲೆಕ್ಕ ಅದರ ಕೈಯಲ್ಲಿರಬೇಕು. ಸ್ಥಾಪನೆ ಪೂರ್ತಿಯಾದಾಗ ಲೆಕ್ಕವೂ ಪೂರ್ತಿ. ಅರ್ಧಕ್ಕೆ ನಿಂತಾಗ ಸಾಮಾನುಗಳು ಇಳಿದಿವೆ, ಲೆಕ್ಕ ಮಾತ್ರ ಅಪೂರ್ಣ ಅಥವಾ ಇಲ್ಲವೇ ಇಲ್ಲ. ಲೆಕ್ಕವಿಲ್ಲದ ಸಾಮಾನನ್ನು ಹುಡುಕಿ ಹುಡುಕಿ ಹೊರಗೆ ಹಾಕಹೊರಟವನು ತನ್ನ ಮನೆಯ ಸಾಮಾನನ್ನೂ ಹೊರಗೆ ಹಾಕುವ ಸಂಭವ ಹೆಚ್ಚು.

ಇಷ್ಟೆಲ್ಲ ಬುದ್ಧಿಯುಳ್ಳ ಯಂತ್ರ ತಾನೇ ಏಕೆ ಇದನ್ನು ಸರಿಪಡಿಸಿಕೊಳ್ಳಬಾರದು ಎಂದು ಕೇಳಬಹುದು. ಅದಕ್ಕೂ ಪ್ರಯತ್ನ ನಡೆದಿದೆ. ಮೈಕ್ರೋಸಾಫ್ಟ್ ಸಂಸ್ಥೆ ‘ವಿಂಡೋಸ್ ಇನ್‌ಸ್ಟಾಲರ್’ ಎಂಬ ಸೌಕರ್ಯವನ್ನು ಕಳೆದ ಶತಮಾನದ ಕೊನೆಯಲ್ಲಿ ಬಳಕೆಗೆ ತಂದಿತು. ಅದರ ಮೂಲಕ ತಂತ್ರಾಂಶ ಹಾಕುವಾಗ ಪ್ರತಿಯೊಂದು ಹೆಜ್ಜೆಗೂ ಹಿಂದಿರುಗುವ ಹೆಜ್ಜೆಯನ್ನು ಬರೆದಿಟ್ಟುಕೊಳ್ಳಲಾಗುತ್ತದೆ. ನಡುವೆ ಕೆಲಸ ಕೆಟ್ಟರೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಎಲ್ಲವನ್ನೂ ಮೊದಲಿನಂತೆ ಮಾಡಲಾಗುತ್ತದೆ. ವಿದ್ಯುತ್ತು ಹೋಗಿ ಕೆಲಸ ನಿಂತಿದ್ದರೆ, ಮುಂದೊಮ್ಮೆ ಏನನ್ನಾದರೂ ಹಾಕಹೊರಟಾಗ, ಹಿಂದಿನ ಸ್ಥಾಪನೆಯೊಂದು ಅರ್ಧಕ್ಕೆ ನಿಂತಿದೆ, ಅದರ ಬದಲಾವಣೆಗಳನ್ನು ರದ್ದುಮಾಡಲೇ ಎಂದು ಅದು ಕೇಳುವುದುಂಟು. ಹಾಗೆ ಕೇಳಿದರೆ ಹೂಂ ಎಂದುಬಿಡಬೇಕು. ಅದು ಪುಣ್ಯದ ಪ್ರಶ್ನೆ. ಆದರೆ ಎಲ್ಲ ತಂತ್ರಾಂಶಗಳೂ ಈ ಹೆದ್ದಾರಿಯಲ್ಲಿ ಬರುವುದಿಲ್ಲ. ಎಷ್ಟೋ ತಂತ್ರಾಂಶಗಳು ತಮ್ಮದೇ ಕಾಲುದಾರಿಯಲ್ಲಿ ಬರುತ್ತವೆ. ನನ್ನ ಹಳೆಯ ಲಿಪಿ ತಂತ್ರಾಂಶವೂ ಅಂಥದೇ.

ಈ ಸಂದರ್ಭದಲ್ಲಿ ಲಿನಕ್ಸ್ ಬಳಗಕ್ಕೆ ಸೇರಿದ ಡೆಬಿಯನ್ ವ್ಯವಸ್ಥೆಯ ಒಂದು ಕ್ರಮವನ್ನು ಹೇಳದಿರಲಾರೆ. 1993ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ತಂತ್ರಾಂಶದ ಎದುರಿಗೂ ಅದರ ಸ್ಥಿತಿಯನ್ನು ಬರೆದಿಡುವ ಪದ್ಧತಿಯಿದೆ. ಬಿಚ್ಚಿದೆ ಆದರೆ ಹೊಂದಿಸಿಲ್ಲ, ಅರ್ಧ ಸ್ಥಾಪಿತ, ಅರ್ಧ ಹೊಂದಿಸಿದೆ, ಪೂರ್ತಿ ಸ್ಥಾಪಿತ, ತೆಗೆದಿದೆ ಆದರೆ ಹೊಂದಾಣಿಕೆಯ ಕಡತಗಳು ಉಳಿದಿವೆ ಎಂದು ಮುಂತಾಗಿ ಅಲ್ಲಿ ಅವಸ್ಥಾಭೇದಗಳಿವೆ. ಅರೆಬರೆಯಾದುದಕ್ಕೂ ಅಲ್ಲಿ ಒಂದು ಹೆಸರಿದೆ. ಹೆಸರಿರುವುದರಿಂದಲೇ ಅದನ್ನು ಮುಂದುವರಿಸುವ ಆಜ್ಞೆಯೂ ಇದೆ. ತೆಗೆಯುವುದಕ್ಕೆ ಒಂದು, ಬೇರುಸಹಿತ ಕೀಳುವುದಕ್ಕೆ ಇನ್ನೊಂದು ಎಂಬ ಎರಡು ಬೇರೆ ಆಜ್ಞೆಗಳೂ ಇವೆ. ಅರ್ಧವಾದುದನ್ನು ಅರ್ಧವೆಂದು ಒಪ್ಪಿಕೊಂಡು ಬರೆದಿಟ್ಟರೆ ಅದನ್ನು ಸರಿಪಡಿಸುವುದು ಸುಲಭವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ವಿಂಡೋಸಿಗೆ ಹಿಂದಿರುಗೋಣ. ತೆಗೆಯುವ ಕ್ರಮವನ್ನು ಈಗ ಒಂದೊಂದಾಗಿ ಹೇಳುತ್ತೇನೆ. ಕ್ರಮವೇ ಇಲ್ಲಿ ಮುಖ್ಯ. ಕೊನೆಯದನ್ನು ಮೊದಲು ಮಾಡಿದವರೇ ಹೆಚ್ಚಾಗಿ ಕೆಟ್ಟಿದ್ದಾರೆ, ಅವರಲ್ಲಿ ನಾನೂ ಒಬ್ಬ.

ಎಲ್ಲಕ್ಕಿಂತ ಮೊದಲು, ನಮ್ಮ ಸ್ವಂತ ಬರಹ, ಚಿತ್ರ, ಲೆಕ್ಕಪತ್ರಗಳ ಒಂದು ಪ್ರತಿಯನ್ನು ಯಂತ್ರದ ಹೊರಗೆ, ಪೆನ್ ಡ್ರೈವಿನಲ್ಲೋ ಬೇರೆ ಡಿಸ್ಕಿನಲ್ಲೋ ಇಟ್ಟುಕೊಳ್ಳಬೇಕು. ಅನಂತರ ಯಂತ್ರವನ್ನು ‘ರೀಸ್ಟಾರ್ಟ್’ ಮಾಡಬೇಕು. ಆರಿಸಿ ಹಚ್ಚುವುದೂ ಇದೂ ಒಂದೇ ಎಂದು ತೋರಬಹುದು, ಒಂದಲ್ಲ. 2012ರ ವಿಂಡೋಸ್ 8ರಿಂದೀಚೆಗೆ, ‘ಶಟ್‌ಡೌನ್’ ಎಂದು ಒತ್ತಿದಾಗ ವ್ಯವಸ್ಥೆಯ ಒಳಭಾಗ ಪೂರ್ತಿ ಆರದೆ, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುವ ಏರ್ಪಾಡು ಸಾಮಾನ್ಯವಾಗಿದೆ. ಮರುದಿನ ಬೇಗ ಏಳಲಿ ಎಂಬುದು ಅದರ ಉದ್ದೇಶ. ‘ರೀಸ್ಟಾರ್ಟ್’ ಎಂದಾಗ ಮಾತ್ರ ಅದು ನಿಜವಾಗಿ ಹೊಸದಾಗಿ ಆರಂಭವಾಗುತ್ತದೆ. ಬಳಕೆಯಲ್ಲಿದ್ದುದರಿಂದ ಬದಲಿಸಲಾಗದೆ ಉಳಿದ ಕಡತಗಳನ್ನು ಬದಲಿಸುವ, ಅಳಿಸುವ ಕೆಲಸ ನಡೆಯುವುದು ಆಗ. ಎಷ್ಟೋ ಅರೆಕೆಲಸಗಳು ಇಷ್ಟರಿಂದಲೇ ಮುಗಿಯುತ್ತವೆ.

ಮುಗಿಯದಿದ್ದರೆ ಎರಡನೆಯ ಉಪಾಯ. ಇದು ಕೇಳುವುದಕ್ಕೆ ವಿಚಿತ್ರವಾಗಿದೆ: ತೆಗೆಯಬೇಕಾದುದನ್ನು ಮೊದಲು ಪೂರ್ತಿಯಾಗಿ ಹಾಕುವುದು. ಯಾವ ಸ್ಥಾಪನಾ ಕಡತದಿಂದ ಕೆಲಸ ಆರಂಭಿಸಿದ್ದೆವೋ ಅದನ್ನೇ, ಅದೇ ಆವೃತ್ತಿಯನ್ನೇ, ಮತ್ತೆ ನಡೆಸಬೇಕು. ‘ರಿಪೇರ್’ ಎಂಬ ಆಯ್ಕೆ ಕಂಡರೆ ಅದನ್ನು ಆರಿಸಬೇಕು. ಕೆಲಸ ಪೂರ್ತಿಯಾದರೆ ಲೆಕ್ಕವೂ ಪೂರ್ತಿಯಾಗುತ್ತದೆ. ಬಿಡಿಸುವ ಕಡತವೂ ತನ್ನ ಸ್ಥಾನಕ್ಕೆ ಬಂದು ಕೂರುತ್ತದೆ. ಆಮೇಲೆ ‘ಸೆಟ್ಟಿಂಗ್ಸ್’ ತೆರೆದು, ಅದರಲ್ಲಿ ‘ಆ್ಯಪ್ಸ್’, ಅದರೊಳಗೆ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಎಂಬ ಪಟ್ಟಿಗೆ ಹೋಗಿ, ಹೆಸರಿನ ಎದುರಿನ ಮೂರು ಚುಕ್ಕೆಗಳನ್ನು ಒತ್ತಿ ‘ಅನ್‌ಇನ್‌ಸ್ಟಾಲ್’ ಎಂದರೆ, ಬಂದ ಬಾಗಿಲಿನಿಂದಲೇ ಅದು ಹೊರಟುಹೋಗುತ್ತದೆ. ಅರ್ಧ ಕಟ್ಟಿದುದನ್ನು ಸುರಕ್ಷಿತವಾಗಿ ಬಿಚ್ಚುವ ದಾರಿ ಅನೇಕ ವೇಳೆ ಪೂರ್ತಿ ಕಟ್ಟುವುದರ ಮೂಲಕವೇ ಹೋಗುತ್ತದೆ.

ಮೂರನೆಯದು, ತಂತ್ರಾಂಶವನ್ನು ತಯಾರಿಸಿದವರೇ ಕೊಡುವ ತೆಗೆಯುವ ಸಾಧನ. ವಿಶೇಷವಾಗಿ ವೈರಸ್ ನಿರೋಧಕ ತಂತ್ರಾಂಶಗಳನ್ನು ಮಾಡುವ ಅನೇಕ ಸಂಸ್ಥೆಗಳು ಇಂಥ ಸಾಧನವನ್ನು ಒದಗಿಸುತ್ತವೆ; ಏಕೆಂದರೆ ಅವು ವ್ಯವಸ್ಥೆಯ ಆಳಕ್ಕೆ ಬೇರು ಬಿಡುವಂಥವು. ಹೊಸ ಯಂತ್ರಗಳಲ್ಲಿ ಕೆಲವು ದಿನಗಳ ಪರೀಕ್ಷಾರ್ಥ ಬಳಕೆಗೆಂದು ಇಂಥದೊಂದು ಮೊದಲೇ ಬಂದಿರುವುದುಂಟು. ಅದರ ಮೇಲೆ ನಾವು ಇನ್ನೊಂದನ್ನು ಹಾಕಹೋಗಿ, ಅದು ಅರ್ಧಕ್ಕೆ ನಿಂತರೆ, ಅಪಾಯ ಬರಿಯ ಕಿರಿಕಿರಿಯದಲ್ಲ. ಬೇರೊಂದು ಕಾವಲುಗಾರ ಬಂದನೆಂದು ತಿಳಿದಾಗ ವಿಂಡೋಸಿನ ಸ್ವಂತ ಕಾವಲುಗಾರನಾದ ‘ಡಿಫೆಂಡರ್’ ಪಕ್ಕಕ್ಕೆ ಸರಿಯುತ್ತಾನೆ. ಬಂದವನು ಅರ್ಧ ಬಂದವನಾದರೆ, ಹೆಸರಿಗೆ ಕಾವಲಿದ್ದು ವಾಸ್ತವವಾಗಿ ಬಾಗಿಲು ತೆರೆದಿರುವ ಪ್ರಸಂಗ ಒದಗಬಹುದು. ಆದುದರಿಂದ ‘ವಿಂಡೋಸ್ ಸೆಕ್ಯುರಿಟಿ’ ಎಂಬ ಪುಟವನ್ನು ತೆರೆದು, ಈಗ ಕಾಯುತ್ತಿರುವವರು ಯಾರೆಂದು ನೋಡಿಕೊಳ್ಳುವುದು ಅಗತ್ಯ.

ನಾಲ್ಕನೆಯದು ‘ಸಿಸ್ಟಂ ರಿಸ್ಟೋರ್’. ವ್ಯವಸ್ಥೆಯ ಕಡತಗಳನ್ನೂ ರಿಜಿಸ್ಟ್ರಿಯನ್ನೂ ಹಿಂದಿನ ಒಂದು ದಿನದ ಸ್ಥಿತಿಗೆ ಮರಳಿಸುವ ಸೌಕರ್ಯವಿದು. ನಮ್ಮ ಸ್ವಂತ ಬರಹಗಳನ್ನು ಇದು ಮುಟ್ಟುವುದಿಲ್ಲ. ಆದರೆ ಹಿಂದಿನ ಆ ದಿನದ ಗುರುತನ್ನು ಮೊದಲೇ ಮಾಡಿಟ್ಟಿರಬೇಕು. ಎಷ್ಟೋ ಹೊಸ ಯಂತ್ರಗಳಲ್ಲಿ ಈ ಏರ್ಪಾಡು ಆರಿಸಿದ ಸ್ಥಿತಿಯಲ್ಲಿಯೇ ಬರುವುದರಿಂದ, ಯಂತ್ರ ಮನೆಗೆ ಬಂದ ದಿನವೇ ಅದನ್ನು ಹಚ್ಚಿಟ್ಟುಕೊಳ್ಳುವುದು ಜಾಣತನ. ಅಂದಹಾಗೆ, ‘ಸೇಫ್ ಮೋಡ್’ ಎಂಬ ಸ್ಥಿತಿಗೆ ಹೋಗಿ ತೆಗೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ನಾನು ಮೊದಲು ಹೇಳಿದ ವಿಂಡೋಸ್ ಇನ್‌ಸ್ಟಾಲರ್ ಸೇವೆ ಆ ಸ್ಥಿತಿಯಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಅದನ್ನು ನೆಚ್ಚಿದ ತಂತ್ರಾಂಶಗಳು ಅಲ್ಲಿ ಹೊರಡಲೊಲ್ಲವು.

ಇವು ಯಾವುವೂ ಫಲಿಸದಿದ್ದರೆ ಮಾತ್ರ ಕೈಯಿಂದ ಕೀಳುವ ಕೆಲಸ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು.

ರಿಪೇರಿಯ ಯೋಚನೆಯೇ ನನಗೆ ಹೊಳೆಯಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಬಂದು ನಿಲ್ಲುತ್ತಿದ್ದ ಆ ಚೌಕದ ಮೇಲೆ ಸಿಟ್ಟು ಬಂದು, ಒಂದು ಭಾನುವಾರ ಸೊಂಟ ಕಟ್ಟಿ ಕುಳಿತೆ. ತಂತ್ರಾಂಶದ ಕೋಶವನ್ನು ಅಳಿಸಿದೆ. ಪರದೆಯ ಮೇಲಿನ ಚಿತ್ರವನ್ನು ಅಳಿಸಿದೆ. ಮರೆಯ ಕೋಶಗಳನ್ನು ತೆರೆದು ಅಲ್ಲಿದ್ದುದನ್ನೂ ಅಳಿಸಿದೆ. ಫಾಂಟುಗಳ ಕೋಶದಲ್ಲಿ ಅದೇ ಹೆಸರಿನಿಂದ ಆರಂಭವಾಗುವ ಹತ್ತಾರು ಫಾಂಟುಗಳು ಕಂಡವು; ಅವನ್ನೂ ಬಿಡಲಿಲ್ಲ. ಮನೆ ಗುಡಿಸಿದ ತೃಪ್ತಿಯಿಂದ ಕೈ ತೊಳೆದುಕೊಂಡು ಬಂದು, ತಂದೆಯವರ ಬರಹವನ್ನು ತೆರೆದೆ. ಹಿಂದಿನ ದಿನದವರೆಗೂ ಅದು ಸೊಗಸಾಗಿ ಕನ್ನಡದಲ್ಲಿ ಕಾಣುತ್ತಿತ್ತು. ಈಗ ಪುಟದ ತುಂಬ ಇಂಗ್ಲಿಷ್ ಅಕ್ಷರಗಳು. ಅವುಗಳ ನೆತ್ತಿಯ ಮೇಲೆ ಚುಕ್ಕೆ, ಕೊಂಬು, ಗೆರೆಗಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ.

ಇದರ ಕಾರಣ ಕನ್ನಡಿಗರಾದ ನಾವು ತಿಳಿದಿರಬೇಕಾದದ್ದು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತಸಂಖ್ಯೆಯೆಂಬ ಏರ್ಪಾಡು, ಅಂದರೆ ಯೂನಿಕೋಡ್, 1991ರಲ್ಲಿಯೇ ರೂಪುಗೊಂಡಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ವ್ಯವಸ್ಥೆಯ ಜೊತೆಯಲ್ಲಿಯೇ ಬಂದಿತು. ಆದರೆ ಅದಕ್ಕೆ ಮೊದಲೂ, ಅದಾದ ಮೇಲೆ ಎಷ್ಟೋ ವರ್ಷಗಳವರೆಗೂ ಮನೆಗಳಲ್ಲಿ, ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ನಡೆಯುತ್ತಿದ್ದುದು ಬೇರೊಂದು ಬಗೆ. ಯಂತ್ರದೊಳಗೆ ಶೇಖರವಾಗುತ್ತಿದ್ದುದು ಇಂಗ್ಲಿಷ್ ಮೊದಲಾದ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳೇ. ಆ ಸಂಖ್ಯೆಗಳಿಗೆ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಆಕಾರವನ್ನು ತೊಡಿಸುತ್ತಿದ್ದುದು ಫಾಂಟು. ಕನ್ನಡವೆಂಬುದು ಬರಹದಲ್ಲಿರಲಿಲ್ಲ, ಫಾಂಟಿನಲ್ಲಿತ್ತು. ಫಾಂಟನ್ನು ಕಿತ್ತೊಡನೆ ಒಳಗಿನ ಸಂಖ್ಯೆಗಳು ತಮ್ಮ ಮೂಲ ವೇಷದಲ್ಲಿ ಹೊರಬಂದವು. ವಿದ್ಯುತ್ತು ಹೋಗುವುದಕ್ಕೆ ಮುನ್ನ ನನ್ನ ಅರೆ ಸ್ಥಾಪನೆ ಸರಿಯಾಗಿ ಮಾಡಿ ಮುಗಿಸಿದ್ದ ಕೆಲಸವೆಂದರೆ ಫಾಂಟುಗಳನ್ನು ಇಳಿಸಿದ್ದು. ಕಸವೆಂದು ನಾನು ಗುಡಿಸಿ ಹೊರಹಾಕಿದ ರಾಶಿಯಲ್ಲಿ ತಂದೆಯವರ ಬರಹದ ಕಣ್ಣೂ ಇತ್ತು.

ಬರಹ ನಾಶವಾಗಿರಲಿಲ್ಲವೆಂಬುದನ್ನು ಒತ್ತಿ ಹೇಳಬೇಕು; ಇಂಥ ಸಂದರ್ಭದಲ್ಲಿ ಗಾಬರಿಬಿದ್ದು ಆ ಕಡತವನ್ನೇ ಅಳಿಸುವವರಿದ್ದಾರೆ. ಸಂಖ್ಯೆಗಳೆಲ್ಲ ಇದ್ದಲ್ಲಿಯೇ ಇರುತ್ತವೆ. ಸರಿಯಾದ ಫಾಂಟು ಮರಳಿದರೆ ಅಕ್ಷರಗಳೂ ಮರಳುತ್ತವೆ. ನನ್ನ ಹಳೆಯ ಯಂತ್ರವನ್ನು ಗುಜರಿಯವನಿಗೆ ಕೊಡುವ ಮಾತಾಗಿತ್ತು; ಅವನು ಇನ್ನೂ ಬಂದಿರಲಿಲ್ಲ. ಅದನ್ನು ಮತ್ತೆ ಹಚ್ಚಿ, ಫಾಂಟುಗಳನ್ನು ಪೆನ್ ಡ್ರೈವಿಗೆ ತೆಗೆದುಕೊಂಡು, ಹೊಸ ಯಂತ್ರದಲ್ಲಿ ಇಳಿಸಿದೆ. ಪುಟ ಮತ್ತೆ ಕನ್ನಡವಾಯಿತು. ಗುಜರಿಯವನು ಒಂದು ವಾರ ಮೊದಲೇ ಬಂದಿದ್ದರೆ ಅದೇ ಫಾಂಟುಗಳಿಗಾಗಿ ಎಲ್ಲೆಲ್ಲಿ ಅಲೆಯಬೇಕಾಗುತ್ತಿತ್ತೋ ಹೇಳಲಾರೆ.

ಆದುದರಿಂದ ಕೈಯಿಂದ ಕೀಳುವ ಮುನ್ನ ಉಳಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳಬೇಕು. ಮೊದಲನೆಯದು ಮಲಗಿರುವಂಥದು: ಬರಿದಾದ ಕೋಶ, ಕೆಲಸ ಮಾಡದ ಚಿತ್ರ, ರಿಜಿಸ್ಟ್ರಿಯ ಮೂಲೆಯ ಒಂದೆರಡು ಸಾಲು. ಕೋಶವನ್ನೂ ಚಿತ್ರವನ್ನೂ ಅಳಿಸಬಹುದು. ರಿಜಿಸ್ಟ್ರಿಯ ಸಾಲು ಹಾಗೆಯೇ ಇದ್ದರೂ ಯಂತ್ರ ನಿಧಾನವಾಗುವುದಿಲ್ಲ. ಎರಡನೆಯದು ಎಚ್ಚರವಾಗಿರುವಂಥದು: ಯಂತ್ರ ಹಚ್ಚಿದೊಡನೆ ತಾನೂ ಎದ್ದು ನಡೆದಾಡುವ ಭಾಗ. ನನ್ನ ಬೆಳಗಿನ ಚೌಕ ಇದರ ಸಂತಾನ. ‘ಟಾಸ್ಕ್ ಮ್ಯಾನೇಜರ್’ ತೆರೆದು ‘ಸ್ಟಾರ್ಟಪ್ ಆ್ಯಪ್ಸ್’ ಎಂಬ ಪಟ್ಟಿಯಲ್ಲಿ ಆ ಹೆಸರನ್ನು ನಿಷ್ಕ್ರಿಯಗೊಳಿಸಿದರೆ ಸಾಕು. ಏನನ್ನೂ ಅಳಿಸದೆ ಕಿರಿಕಿರಿ ನಿಲ್ಲುತ್ತದೆ, ತಪ್ಪಾಗಿದ್ದರೆ ಮತ್ತೆ ಹಚ್ಚಲೂ ಬರುತ್ತದೆ. ಮೂರನೆಯದು ಇತರರು ಆತುಕೊಂಡಿರುವಂಥದು. ಫಾಂಟು ಇದರ ಒಂದು ಉದಾಹರಣೆ. ತಂತ್ರಾಂಶಗಳ ಪಟ್ಟಿಯಲ್ಲಿ 2010, 2012, 2013 ಎಂಬ ಇಸವಿಗಳೊಂದಿಗೆ ಸಾಲಾಗಿ ಕಾಣುವ ‘ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಎಂಬವು ಇನ್ನೊಂದು. ನಾವು ಹಾಕಿದ ನೆನಪಿಲ್ಲದ, ಹಳೆಯ ಇಸವಿಯ ಹೆಸರುಗಳೆಂದು ಅವನ್ನು ಕಿತ್ತವರ ಬೇರೆ ತಂತ್ರಾಂಶಗಳು ಒಂದೊಂದಾಗಿ ಕುಂಟತೊಡಗುತ್ತವೆ. ನಾವು ಬಳಸುವುದಿಲ್ಲವೆಂದ ಮಾತ್ರಕ್ಕೆ ಅದನ್ನು ಬೇರಾರೂ ಬಳಸುವುದಿಲ್ಲವೆಂದು ಅರ್ಥವಲ್ಲ.

ರಿಜಿಸ್ಟ್ರಿಯನ್ನು ತೆರೆದು ಸಾಲು ಅಳಿಸಲೇಬೇಕಾದ ಸಂದರ್ಭವೂ ಉಂಟು. ನನಗೆ ಕೊನೆಗೆ ಅದೂ ಬೇಕಾಯಿತು. ನಾನು ಅಷ್ಟೆಲ್ಲ ಅಳಿಸಿದ ಮೇಲೂ ಪಟ್ಟಿಯಲ್ಲಿ ಆ ಹೆಸರು ಉಳಿದೇ ಇತ್ತು, ಹೊಸದಾಗಿ ಹಾಕಲು ಅದು ಬಿಡುತ್ತಿರಲಿಲ್ಲ. ಅಂಥಲ್ಲಿ, ಅಳಿಸುವ ಮುನ್ನ ಆ ಶಾಖೆಯನ್ನು ‘ಎಕ್ಸ್‌ಪೋರ್ಟ್’ ಮಾಡಿ ಪ್ರತಿಯಿಟ್ಟುಕೊಳ್ಳಬೇಕು. ‘ಅನ್‌ಇನ್‌ಸ್ಟಾಲ್’ ಎಂಬ ಶಾಖೆಯಲ್ಲಿ ಆ ತಂತ್ರಾಂಶದ ಹೆಸರಿರುವ ಒಂದೇ ಒಂದು ಕೊಂಬೆಯನ್ನು ಕಡಿಯಬೇಕು. ಹೆಸರು ಹೋಲುತ್ತದೆಂದು ಅಕ್ಕಪಕ್ಕದ್ದನ್ನು ಮುಟ್ಟಬಾರದು. ಹಾಗೆ ಮಾಡಿದ ಮೇಲೆ ನನ್ನ ಯಂತ್ರ ಹೊಸ ಸ್ಥಾಪನೆಗೆ ಒಪ್ಪಿತು. ಪೂರ್ತಿ ಹಾಕಿದೆ.

ಈ ಶ್ರಮವೇ ಬೇಡವೆಂದು, ರಿಜಿಸ್ಟ್ರಿಯನ್ನು ತಾವೇ ಶುದ್ಧಿ ಮಾಡಿಕೊಡುತ್ತೇವೆನ್ನುವ ತಂತ್ರಾಂಶಗಳ ಮೊರೆ ಹೋಗುವವರಿದ್ದಾರೆ. ವಿಂಡೋಸನ್ನು ಕಟ್ಟಿದ ಮೈಕ್ರೋಸಾಫ್ಟ್ ಸಂಸ್ಥೆಯೇ ಇಂಥವುಗಳ ಬಳಕೆಯನ್ನು ಅನುಮೋದಿಸುವುದಿಲ್ಲ. ಇಂಥ ಉಳಿಕೆಗಳನ್ನು ತೆಗೆಯುವುದಕ್ಕೆಂದು ಆ ಸಂಸ್ಥೆ ತಾನೇ ಒಂದು ಸಾಧನವನ್ನು ಕೊಟ್ಟಿತ್ತು. ಅದು ಕೆಲವೊಮ್ಮೆ ಬೇರೆ ತಂತ್ರಾಂಶಗಳ ಭಾಗಗಳನ್ನೂ ಕೆಡಿಸುತ್ತಿತ್ತಾದುದರಿಂದ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಮನೆ ಕಟ್ಟಿದ ಮೇಸ್ತ್ರಿಯ ಕೈಯೇ ತಪ್ಪಿದ ಮೇಲೆ ದಾರಿಹೋಕರನ್ನು ಗೋಡೆ ಕೆಡವಲು ಕರೆಯುವುದು ಎಷ್ಟು ಸರಿ? ನಿಮ್ಮ ಯಂತ್ರದಲ್ಲಿ ನೂರಾರು ದೋಷಗಳಿವೆ, ಈ ಸಂಖ್ಯೆಗೆ ಕರೆಮಾಡಿ ಎಂದು ಪರದೆಯ ಮೇಲೆ ಹಠಾತ್ತನೆ ಕಾಣಿಸುವ ಬರಹವಂತೂ ಮೋಸವೇ. ಹಾಗೆ ಕರೆಮಾಡಿ ಯಂತ್ರದ ಹಿಡಿತವನ್ನು ಅಪರಿಚಿತರಿಗೆ ಒಪ್ಪಿಸಿದವರು ಬ್ಯಾಂಕಿನ ಹಣವನ್ನೇ ಕಳೆದುಕೊಂಡ ಪ್ರಸಂಗಗಳಿವೆ.

ಯಂತ್ರ ನಿಜಕ್ಕೂ ಹೊಸದಾಗಿದ್ದರೆ ಇನ್ನೊಂದು ದಾರಿ ತೆರೆದಿದೆ. ಹಳತಾದ ಮೇಲೆ ಅದು ದುಬಾರಿ. ‘ರೀಸೆಟ್ ದಿಸ್ ಪಿಸಿ’ ಎಂಬ ಆಯ್ಕೆಯಲ್ಲಿ ‘ಕೀಪ್ ಮೈ ಫೈಲ್ಸ್’ ಎಂದು ಆರಿಸಿದರೆ, ನಮ್ಮ ಬರಹಗಳನ್ನು ಉಳಿಸಿ, ನಾವು ಹಾಕಿದ ತಂತ್ರಾಂಶಗಳೆಲ್ಲವನ್ನೂ ತೆಗೆದು, ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಲಾಗುತ್ತದೆ. ಎರಡು ದಿನದ ಯಂತ್ರದಲ್ಲಿ ಕಳೆದುಕೊಳ್ಳುವುದು ಬಹಳವಿರುವುದಿಲ್ಲ. ಅರೆಬರೆಯೊಂದನ್ನು ವಾರಗಟ್ಟಲೆ ಬೆನ್ನಟ್ಟುವುದಕ್ಕಿಂತ ಇದು ಲೇಸು. ಆದರೆ ಇಲ್ಲಿಯೂ ಎಚ್ಚರ ಬೇಕು: ಬರಹ ಉಳಿಯುತ್ತದೆ, ನಾವು ಸೇರಿಸಿದ ಫಾಂಟು ಉಳಿಯುತ್ತದೆಂದು ನೆಚ್ಚುವಂತಿಲ್ಲ.

ಕೊನೆಗೆ ನಾನು ಏನು ಮಾಡಿದೆನೆಂದು ಹೇಳಿ ಮುಗಿಸುತ್ತೇನೆ. ಹಳೆಯ ತಂತ್ರಾಂಶ ಪೂರ್ತಿಯಾಗಿ ನೆಲೆಸಿದ ಮೇಲೆ ಅದನ್ನು ಒಡನೆಯೇ ತೆಗೆಯಲಿಲ್ಲ. ಹಳೆಯ ಬಗೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಅಂಥದೊಂದರಿಂದ ತಂದೆಯವರ ಬರಹವನ್ನು ತಿರುಗಿಸಿದೆ. ಪರಿವರ್ತನೆಯಲ್ಲಿ ಕೆಲವು ಒತ್ತಕ್ಷರಗಳೂ ಅರ್ಕಾವೊತ್ತುಗಳೂ ಸ್ಥಾನ ತಪ್ಪಿದವು. ಒಂದು ಕಡೆ ಮೂಲವನ್ನು, ಇನ್ನೊಂದು ಕಡೆ ಹೊಸದನ್ನು ತೆರೆದಿಟ್ಟುಕೊಂಡು ಸಾಲುಸಾಲಾಗಿ ತಿದ್ದಬೇಕಾಯಿತು. ಸಂಜೆಗಳಲ್ಲಿ ಕುಳಿತು ಇದನ್ನು ಮುಗಿಸಲು ಒಂದು ತಿಂಗಳು ಹಿಡಿಯಿತು. ಅವರು ಬದುಕಿದ್ದಾಗ, ಬರೆದದ್ದನ್ನು ನೋಡು ಎಂದು ಕರೆದರೆ, ಆಮೇಲೆ ನೋಡುತ್ತೇನಪ್ಪ ಎಂದು ಹೇಳುತ್ತ ಬಂದವನು ನಾನು. ಅವರ ಬರಹವನ್ನು ಒಂದು ಅಕ್ಷರವನ್ನೂ ಬಿಡದೆ ಓದಿದ್ದು ಇದೇ ಮೊದಲು. ಆ ಕೆಲಸ ಮುಗಿದ ಮೇಲೆ, ಫಾಂಟುಗಳ ಪ್ರತಿಯನ್ನು ಮೂಲ ಕಡತದ ಜೊತೆಗೇ ಬೇರೆ ಕಡೆ ಇಟ್ಟು, ತಂತ್ರಾಂಶವನ್ನು ಪಟ್ಟಿಯಿಂದ ಕ್ರಮವಾಗಿ ತೆಗೆದೆ, ಯಂತ್ರವನ್ನು ರೀಸ್ಟಾರ್ಟ್ ಮಾಡಿದೆ. ಮರುದಿನ ಬೆಳಿಗ್ಗೆ ಪರದೆಯ ಮೇಲೆ ಯಾವ ಚೌಕವೂ ಬರಲಿಲ್ಲ.

ಹೊಸ ಯಂತ್ರ ಕೊಂಡವರಿಗೆ ನನ್ನ ಸಲಹೆ ಸಣ್ಣದು. ಯಾವುದನ್ನಾದರೂ ತೆಗೆಯುವ ಮುನ್ನ ಅದನ್ನು ಆತುಕೊಂಡು ನಿಂತಿರುವುದು ಯಾವುದೆಂದು ಕೇಳಿಕೊಳ್ಳಿರಿ. ಹಳೆಯ ಯಂತ್ರವನ್ನು ಗುಜರಿಗೆ ಕೊಡಲು ಅವಸರಪಡಬೇಡಿರಿ.